ಬಾವಿ ತೋಡುವ ಕ್ರೇನಿನ ತಂತಿ ಹಗ್ಗ, ಸ್ಟೇ ಬದಲಿಸಿದ ಕೆಲಸ: ಹುಮನಾಬಾದ್

ಬಾವಿ ತೋಡುವ ಕ್ರೇನಿನಲ್ಲಿ ಮೇಲೆ ಬರೋದು ಬರೀ ಕಲ್ಲು, ಮಣ್ಣು ಅಲ್ಲ. ಸಂಜೆ ಕೆಲಸ ಬಿಟ್ಟಾಗ ಅದೇ ಬಕೆಟ್ಟಿನಲ್ಲಿ ನಿಂತು ಆಳುಗಳೂ ಬರುತ್ತಾರೆ. ಏಣಿ ಇದ್ದರೂ ಹೀಗೇ ಬರುತ್ತಾರೆ. ದಿನವಿಡೀ ಕರಿಕಲ್ಲು ಒಡೆದ ಮೇಲೆ 50 ಅಡಿ ಏಣಿ ಹತ್ತಲು ಯಾರಿಗೂ ಮನಸ್ಸು ಬರಲ್ಲ. ಆ ಹೊತ್ತಿನಲ್ಲಿ ಅವರ ಜೀವ ಇರೋದು 12 ಮಿಲಿಮೀಟರ್ ದಪ್ಪದ ಒಂದು ತಂತಿ ಹಗ್ಗದ ಮೇಲೆ, ಮತ್ತು ಕಂಬವನ್ನು ನಿಲ್ಲಿಸಿರುವ ನಾಲ್ಕು ಸ್ಟೇ ವೈರುಗಳ ಮೇಲೆ.

ಕ್ರೇನು ನಮ್ಮ ಕಾಕಾ ಅವರದು. ಮಳೆಗಾಲದಿಂದ ಹೊಲದ ಬದುವಿನ ಮೇಲೆ ನಿಂತೇ ಇತ್ತು. ತೊಗರಿ ರಾಶಿ ಮುಗಿದ ಮೇಲೆ ಬಾವಿ ಕೆಲಸ ಶುರುವಾಗುತ್ತದೆ. ಅಷ್ಟರೊಳಗೆ ಒಂದು ಸಲ ಪೂರ್ತಿ ನೋಡಿಬಿಡೋಣ ಅಂತ ನಾನು ಹಟ ಹಿಡಿದೆ. ನಂದು ವೆಲ್ಡಿಂಗ್ ಅಂಗಡಿ, ಹಾಗಾಗಿ ಸಾಮಾನು ಕೈಗೆ ಸಿಗುತ್ತದೆ. ಕಾಕಾ ಅವರ ಮಾತು ಒಂದೇ: "ಹ್ವಾದ ವರ್ಷ ಇದೇ ಹಗ್ಗದ ಮ್ಯಾಲ ಎರಡು ಬಾವಿ ತೆಗದೀವಿ. ಇನ್ನೊಂದು ನಡೀತದ ಬಿಡು."

ಅಳತೆ ಹೀಗಿದೆ. ಕಂಬ 18 ಅಡಿ. ಕಂಬದ ತಲೆಯಲ್ಲಿ ಒಂದು ಪ್ಲೇಟು, ಅದರ ನಾಲ್ಕು ಕಿವಿಗಳಿಗೆ ನಾಲ್ಕು ಸ್ಟೇ. ಕಂಬದ ಬುಡದಲ್ಲಿ ಪಿನ್ನಿನ ಮೇಲೆ ತಿರುಗುವ ಬೂಮು, ಅಂದರೆ ಭಾರ ಹೊರುವ ತೋಳು. ಡೀಸೆಲ್ ಇಂಜಿನ್ನಿಗೆ ಕಟ್ಟಿದ ಡ್ರಮ್ಮಿನಿಂದ ಹೊರಟ ಹಗ್ಗ ಕಂಬದ ತಲೆಯ ಪುಲ್ಲಿ, ಬೂಮಿನ ತುದಿಯ ಪುಲ್ಲಿ ದಾಟಿ ಕೊಕ್ಕೆಗೆ ಇಳಿಯುತ್ತದೆ. ತುಂಬಿದ ಬಕೆಟ್ ಹೆಚ್ಚೆಂದರೆ 400 ಕೆಜಿ.

1. ಹಗ್ಗ ಬಿಚ್ಚಿ ನೋಡಿದ್ದು

ಹೊರಗಿನಿಂದ ಹಗ್ಗ ಚೆನ್ನಾಗಿಯೇ ಕಾಣುತ್ತಿತ್ತು. ಮೈತುಂಬ ಕಪ್ಪು ಗ್ರೀಸು. ಆ ಗ್ರೀಸೇ ಎಲ್ಲವನ್ನೂ ಮುಚ್ಚಿಟ್ಟಿತ್ತು. ಮೊದಲು ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಯಿಂದ ಇಡೀ ಹಗ್ಗ ಒರೆಸಿದೆವು. ವೈರ್ ಬ್ರಷ್ ಹಾಕಿ ಉಜ್ಜಿದೆವು. ಆಮೇಲೆ ಒಂದು ಹಿಡಿ ಹತ್ತಿ ತೆಗೆದುಕೊಂಡು ಹಗ್ಗದ ಸುತ್ತ ಸಡಿಲವಾಗಿ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದುಕೊಂಡು ಹೋದೆ. ಎಲ್ಲಿ ತಂತಿಯ ಎಳೆ ಮುರಿದಿದೆಯೋ ಅಲ್ಲಿ ಹತ್ತಿ ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಈ ಕೆಲಸ ಮಾಡಬೇಡಿ, ಮುರಿದ ಎಳೆ ಚರ್ಮದೊಳಗೆ ನುಗ್ಗುತ್ತದೆ.

ಹತ್ತಿ ಎಲ್ಲ ಕಡೆ ಸಿಕ್ಕಿಕೊಳ್ಳಲಿಲ್ಲ. ಮೂರೇ ಜಾಗದಲ್ಲಿ ಸಿಕ್ಕಿಕೊಂಡಿತು: ಕೊಕ್ಕೆಯ ಹತ್ತಿರ, ಬಕೆಟ್ ಬಾವಿಯ ತಳದಲ್ಲಿದ್ದಾಗ ಪುಲ್ಲಿ ಮೇಲೆ ಕೂರುವ ಜಾಗ, ಮತ್ತು ಬಕೆಟ್ ಮೇಲೆ ಬಂದು ನಿಂತಾಗ ಪುಲ್ಲಿ ಮೇಲೆ ಕೂರುವ ಜಾಗ. ನಡುವಿನ ಭಾಗ ಇನ್ನೂ ಗಟ್ಟಿ. ಹಗ್ಗ ಎಲ್ಲ ಕಡೆ ಒಂದೇ ಸಮ ಸವೆಯಲ್ಲ. ಬಕೆಟ್ಟಿನ ಭಾರ ಜಗ್ಗಿ ಎತ್ತುವಾಗ, ಜಗ್ಗಿ ನಿಲ್ಲಿಸುವಾಗ ಯಾವ ಅಡಿ ಪುಲ್ಲಿಯ ಮೇಲಿರುತ್ತದೋ ಆ ಅಡಿಯೇ ಮೊದಲು ಸಾಯುತ್ತದೆ. ಕೈಗೆ ಸಿಕ್ಕ ಜಾಗ ನೋಡಿ "ಹಗ್ಗ ಚಲೋ ಅದ" ಅನ್ನುವವರು ಸಾಮಾನ್ಯವಾಗಿ ಆ ನಡುವಿನ ಭಾಗವನ್ನೇ ನೋಡಿರುತ್ತಾರೆ.

ಎಣಿಸುವ ಕ್ರಮ ಹೇಳುತ್ತೇನೆ. ನಮ್ಮದು 6 ಹುರಿಯ ಹಗ್ಗ, ಒಂದೊಂದು ಹುರಿಯಲ್ಲಿ 19 ಎಳೆ, ನಡುವೆ ನಾರಿನ ಕೋರ್. ಒಂದು ಹುರಿಯ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ಅದೇ ಹುರಿ ಹಗ್ಗವನ್ನು ಒಂದು ಸುತ್ತು ಹಾಕಿ ಮತ್ತೆ ಮೇಲೆ ಬರುವವರೆಗಿನ ಉದ್ದ ಒಂದು ಹೆಣಿಗೆ. 12 ಮಿ.ಮೀ. ಹಗ್ಗದಲ್ಲಿ ಅದು ಸುಮಾರು 75ರಿಂದ 80 ಮಿ.ಮೀ. ಇಂಥ ಒಂದು ಹೆಣಿಗೆಯೊಳಗೆ ಒಟ್ಟು 6 ಎಳೆ ಮುರಿದಿದ್ದರೆ, ಅಥವಾ ಒಂದೇ ಹುರಿಯಲ್ಲಿ 3 ಮುರಿದಿದ್ದರೆ, ಕ್ರೇನಿನ ಓಡುವ ಹಗ್ಗವನ್ನು ತೆಗೆದುಹಾಕಬೇಕು. ನಮ್ಮ ಹಗ್ಗದಲ್ಲಿ ಪುಲ್ಲಿ ಜಾಗದ ಒಂದು ಹೆಣಿಗೆಯಲ್ಲಿ 9 ಸಿಕ್ಕವು. ಅಲ್ಲಿಗೆ ತೀರ್ಮಾನ ಆಯ್ತು. ಆದರೂ ಪೂರ್ತಿ ನೋಡಿದೆ, ಕಾಕಾ ಅವರಿಗೆ ತೋರಿಸಬೇಕಿತ್ತು ಅಲ್ವಾ.

ದಪ್ಪ ಅಳೆದೆ. ವರ್ನಿಯರನ್ನು ಎದುರುಬದುರಿನ ಎರಡು ಹುರಿಗಳ ಉಬ್ಬಿನ ಮೇಲೆ ಕೂರಿಸಬೇಕು. ಹುರಿಗಳ ನಡುವಿನ ತಗ್ಗು ಸೇರಿಸಿ ಚಪ್ಪಟೆಯಾಗಿ ಹಿಡಿದರೆ ಒಂದು ಮಿಲಿಮೀಟರಿನಷ್ಟು ಕಡಿಮೆ ತೋರಿಸುತ್ತದೆ. ಒಂದೇ ಜಾಗದಲ್ಲಿ ಅಡ್ಡ, ಉದ್ದ ಎರಡು ಸಲ ಅಳೆಯಬೇಕು. ಡ್ರಮ್ಮಿನ ಮೇಲೆ ಯಾವತ್ತೂ ಬಿಚ್ಚದ ಸುತ್ತುಗಳಲ್ಲಿ 12.2 ಬಂತು. ನಡುಭಾಗದಲ್ಲಿ 11.7. ಪುಲ್ಲಿ ಜಾಗದಲ್ಲಿ 11.1. ಹೊರಗಿನ ಎಳೆ ಸವೆದರೆ ಇಷ್ಟು ಇಳಿಯಲ್ಲ. ಒಳಗೆ ಏನೋ ಆಗಿದೆ ಅಂತ ಅರ್ಥ.

ಹಗ್ಗ ಸಡಿಲ ಬಿಟ್ಟು, ದಪ್ಪ ಸ್ಕ್ರೂಡ್ರೈವರನ್ನು ಎರಡು ಹುರಿಗಳ ನಡುವೆ ತೂರಿಸಿ ಬಾಯಿ ತೆರೆದೆ. ಒಳಗಿಂದ ಕೆಂಪು ತುಕ್ಕಿನ ಪುಡಿ ಉದುರಿತು. ನಾರಿನ ಕೋರು ಒಣಗಿ ಹಿಂಡಿಯ ಹಾಗೆ ಪುಡಿಯಾಗಿತ್ತು. ಕೋರು ಕುಸಿದಾಗ ಹುರಿಗಳು ಒಂದಕ್ಕೊಂದು ಉಜ್ಜಿಕೊಂಡು ಒಳಗಿನಿಂದಲೇ ಮುರಿಯುತ್ತವೆ. ಮೇಲೆ ಅಷ್ಟು ಗ್ರೀಸಿದ್ದರೂ ಒಳಗೆ ಒಂದು ಹನಿ ಎಣ್ಣೆ ಇರಲಿಲ್ಲ. ದಪ್ಪ ಗ್ರೀಸು ಒಳಗೆ ಇಳಿಯಲ್ಲ, ಮಳೆ ನೀರು ಮಾತ್ರ ಇಳಿದು ಅಲ್ಲೇ ಉಳಿದಿದೆ.

ಇದನ್ನು ನೋಡಿದ ಮೇಲೆ ಕಾಕಾ ಏನೂ ಹೇಳಲಿಲ್ಲ. ಆ ಪುಡಿಯನ್ನು ಅಂಗೈಗೆ ಹಾಕಿಕೊಂಡು ತಿಕ್ಕಿ ನೋಡಿದರು. "ಎಷ್ಟು ಹತ್ತತದ?" ಅಂತ ಖರ್ಚು ಕೇಳಿದರು.

2. ಕೊಕ್ಕೆಯ ತುದಿ

ಕೊಕ್ಕೆಯ ಹತ್ತಿರ ಎರಡೇ ಕ್ಲಿಪ್ಪು. ಒಂದು ಆ ಕಡೆಗೆ, ಒಂದು ಈ ಕಡೆಗೆ. ಇದು ನಮ್ಮ ಭಾಗದಲ್ಲಿ ಎಲ್ಲ ಕಡೆ ಕಾಣುವ ತಪ್ಪು. ಮಡಚಿದ ಹಗ್ಗವನ್ನು ಹಿಡಿಯುವ ಈ ಬುಲ್‌ಡಾಗ್ ಕ್ಲಿಪ್ಪಿನ ಯು ಬೋಲ್ಟು ಹಗ್ಗವನ್ನು ಜಜ್ಜುತ್ತದೆ, ಅದರ ಎದುರಿನ ಅಗಲ ತುಂಡು, ಅಂದರೆ ಕಚ್ಚು, ಮಾತ್ರ ಹಗ್ಗವನ್ನು ಮೆತ್ತಗೆ ಹಿಡಿಯುತ್ತದೆ. ಅದಕ್ಕೇ ಕಚ್ಚು ಯಾವಾಗಲೂ ಭಾರ ಹೊರುವ ಹಗ್ಗದ ಮೇಲೆ ಕೂರಬೇಕು, ಯು ಬೋಲ್ಟು ಮಡಚಿದ ತುದಿಯ ಮೇಲೆ. ಎಲ್ಲ ಕ್ಲಿಪ್ಪುಗಳೂ ಒಂದೇ ದಿಕ್ಕಿಗೆ. ಸರಿಯಾಗಿ ಹಾಕಿದರೂ ಕ್ಲಿಪ್ಪಿನ ತುದಿ ಹಗ್ಗದ ಪೂರ್ತಿ ಬಲ ಕೊಡಲ್ಲ, ನೂರಕ್ಕೆ ಸುಮಾರು 80 ಭಾಗ ಅಷ್ಟೇ. ನಮ್ಮಲ್ಲಿ ತಿರುಗಿ ಕೂರಿಸಿದ ಕ್ಲಿಪ್ಪಿನ ಕೆಳಗೆ ಹಗ್ಗ ಚಪ್ಪಟೆಯಾಗಿ, ಎರಡು ಎಳೆ ಆಗಲೇ ತುಂಡಾಗಿದ್ದವು.

ಕೊಕ್ಕೆಯದೇ ಇನ್ನೊಂದು ಸಮಸ್ಯೆ. ಹಳೇದು ಸ್ವಿವೆಲ್ ಕೊಕ್ಕೆ, ತನ್ನಷ್ಟಕ್ಕೆ ಗಿರಗಿರ ತಿರುಗುವಂಥದ್ದು. ಆಳುಗಳಿಗೆ ಅದು ಇಷ್ಟ, ಬಕೆಟ್ ಸಲೀಸಾಗಿ ತಿರುಗಿಸಿ ಸುರಿಯಬಹುದು. ಆದರೆ 6 ಹುರಿಯ ಹಗ್ಗವನ್ನು ಮಡಚದೆ ಒಂಟಿಯಾಗಿ ಇಳಿಬಿಟ್ಟು ತುದಿಗೆ ಸ್ವಿವೆಲ್ ಹಾಕಿದರೆ, ಭಾರ ಬಿದ್ದಾಗಲೆಲ್ಲ ಹಗ್ಗದ ಹುರಿ ಬಿಚ್ಚಿಕೊಳ್ಳುತ್ತದೆ. ಇಳಿಸಿದಾಗ ಮತ್ತೆ ಬಿಗಿಯುತ್ತದೆ. ಕೊಕ್ಕೆಯ ಹತ್ತಿರ ಹೆಣಿಗೆಯ ಉದ್ದ ಅಳೆದರೆ 92 ಮಿ.ಮೀ. ಬಂತು, ಡ್ರಮ್ಮಿನ ಮೇಲಿನ ಭಾಗದಲ್ಲಿ 78. ಹುರಿ ಬಿಚ್ಚಿಕೊಂಡ ಹಗ್ಗಕ್ಕೆ ಅಷ್ಟು ಬಲ ಇರಲ್ಲ. ಹಾಗಾಗಿ ಈ ಸಲ ಸ್ವಿವೆಲ್ ಇಲ್ಲದ, ಬಾಯಿಗೆ ಲಾಕ್ ಇರುವ 1 ಟನ್ನಿನ ಕೊಕ್ಕೆ. ಬಕೆಟ್ ತಿರುಗದಂತೆ ಹಿಡಿಯಲು ಅದರ ಕಿವಿಗೆ ಒಂದು ನೈಲಾನ್ ಹಗ್ಗ ಕಟ್ಟಿದ್ದೇವೆ. ಆಳುಗಳು ಮೊದಲು ಗೊಣಗಿದರು. ಆಮೇಲೆ ರೂಢಿ ಆಯ್ತು.

3. ಪುಲ್ಲಿ

ಹೊಸ ಹಗ್ಗ ತರುವ ಮೊದಲು ಪುಲ್ಲಿ ನೋಡಲೇಬೇಕು. ಹಳೇ ಪುಲ್ಲಿಗೆ ಹೊಸ ಹಗ್ಗ ಹಾಕಿದರೆ ದುಡ್ಡು ಬಾವಿಗೆ ಹಾಕಿದಂತೆ. ಹಗ್ಗ ಸವೆದು ಸಣ್ಣಗಾದಂತೆ ಪುಲ್ಲಿಯ ಗಾಡಿಯೂ (ಹಗ್ಗ ಕೂರುವ ತೋಡು) ಅದೇ ಅಳತೆಗೆ ಸವೆದು ಇಕ್ಕಟ್ಟಾಗಿರುತ್ತದೆ. ಅದರೊಳಗೆ ಹೊಸ ದಪ್ಪ ಹಗ್ಗ ಹೋದರೆ ಎರಡೂ ಪಕ್ಕದಲ್ಲಿ ಹಿಸುಕಿಸಿಕೊಳ್ಳುತ್ತದೆ.

ತಗಡಿನಲ್ಲಿ 6.4 ಮಿ.ಮೀ. ತ್ರಿಜ್ಯದ ಅರ್ಧಚಂದ್ರ ಕತ್ತರಿಸಿ ಗೇಜ್ ಮಾಡಿಕೊಂಡೆ. ಗಾಡಿಯ ಅಗಲ ಹಗ್ಗದ ದಪ್ಪಕ್ಕಿಂತ ನೂರಕ್ಕೆ ಸುಮಾರು 5ರಿಂದ 10 ಭಾಗ ಜಾಸ್ತಿ ಇರಬೇಕು, ಆ ಲೆಕ್ಕಕ್ಕೆ ಈ ಗೇಜ್. ಬೂಮಿನ ತುದಿಯ ಪುಲ್ಲಿಯಲ್ಲಿ ಅದು ತಳಕ್ಕೇ ಹೋಗಲಿಲ್ಲ. ಬೆರಳಿಟ್ಟರೆ ಗಾಡಿಯ ತಳದಲ್ಲಿ ಹುರಿಗಳ ಅಚ್ಚು ಏಣಿಯ ಮೆಟ್ಟಿಲಿನಂತೆ ಬಿದ್ದಿತ್ತು.

ಮೊದಲು ಅದನ್ನೇ ಲೇತ್‌ನಲ್ಲಿ ತಿರುಗಿಸಿ ಸರಿ ಮಾಡಲು ನೋಡಿದೆವು. 3 ಮಿ.ಮೀ. ಕೆತ್ತುವಷ್ಟರಲ್ಲಿ ಎರಕದೊಳಗೆ ಗುಳಿಗಳು ಬಂದವು. ಬಿಟ್ಟುಬಿಟ್ಟೆವು. ಅದೂ ಅಲ್ಲದೆ ಹಳೇ ಪುಲ್ಲಿ ಬರೀ 6 ಇಂಚಿನದು. ಎತ್ತುವ ಹಗ್ಗಕ್ಕೆ ಪುಲ್ಲಿಯ ವ್ಯಾಸ ಹಗ್ಗದ ದಪ್ಪದ 18 ಪಟ್ಟಾದರೂ ಇರಬೇಕು. 12ಕ್ಕೆ 216 ಮಿ.ಮೀ. ಆಯ್ತು. ಸಣ್ಣ ಪುಲ್ಲಿಯ ಮೇಲೆ ಹಗ್ಗ ಜಾಸ್ತಿ ಬಾಗುತ್ತದೆ, ಪ್ರತಿ ಬಾಗಿಗೂ ಎಳೆಗಳು ದಣಿಯುತ್ತವೆ. ಆ 9 ಎಳೆ ಮುರಿಯಲು ಈ ಪುಲ್ಲಿಯೇ ಮುಖ್ಯ ಕಾರಣ ಅಂತ ನನ್ನ ಅನಿಸಿಕೆ.

ಎರಡು ಹೊಸ ಪುಲ್ಲಿ, 225 ಮಿ.ಮೀ., ಬೇರಿಂಗ್ ಸಮೇತ ಲೇತ್‌ನಲ್ಲಿ ಮಾಡಿಸಿದೆ. ಬೂಮಿನ ತುದಿಯಲ್ಲಿ ಅದು ಹಿಡಿಸಲಿಲ್ಲ. ಪಕ್ಕದ ಎರಡು ಪ್ಲೇಟು ಕತ್ತರಿಸಿ, 8 ಮಿ.ಮೀ. ಪ್ಲೇಟಿನಲ್ಲಿ ಹೊಸದಾಗಿ ವೆಲ್ಡ್ ಮಾಡಬೇಕಾಯ್ತು. ಹಗ್ಗ ಪುಲ್ಲಿಯಿಂದ ಹಾರದಂತೆ ಮೇಲೆ ಒಂದು ಅಡ್ಡ ಪಿನ್ನು, ಪುಲ್ಲಿಯ ಅಂಚಿಗೂ ಅದಕ್ಕೂ 4 ಮಿ.ಮೀ. ಸಂದು ಮಾತ್ರ.

4. ಸಾಮಾನು ತಂದದ್ದು

ಹುಮನಾಬಾದಿನಿಂದ ಹೈದರಾಬಾದ್ ಬಸ್ಸಿಗೆ ಜಹೀರಾಬಾದ್ ಮೇಲೆ ನೇರ ದಾರಿ. ಸಿಕಂದರಾಬಾದಿನ ರಾಣಿಗಂಜ್‌ನಲ್ಲಿ ತಂತಿ ಹಗ್ಗದ ಅಂಗಡಿಗಳಿವೆ. ಅಲ್ಲಿ ಎರಡು ವಿಷಯ ಕೇಳಬೇಕು: ಐಎಸ್ 2266 (ತಂತಿ ಹಗ್ಗದ ಭಾರತೀಯ ಮಾನಕ) ಗುರುತಿನ ಹಗ್ಗವೇ, ಮತ್ತು ಆ ರೀಲಿನ ಟೆಸ್ಟ್ ಸರ್ಟಿಫಿಕೇಟಿನ ಪ್ರತಿ ಕೊಡುತ್ತೀರಾ. ಕೊಡದ ಅಂಗಡಿಯಿಂದ ಎದ್ದು ಬಂದೆ. 12 ಮಿ.ಮೀ. ಹಗ್ಗ, 1770 ಗ್ರೇಡ್ (ತಂತಿಯ ಬಲದ ದರ್ಜೆ), ಮುರಿಯುವ ಭಾರ ಸುಮಾರು 8 ಟನ್. ಕ್ಲಿಪ್ಪಿನ ತುದಿಗೆ 80 ಭಾಗ ಹಿಡಿದರೆ 6.4 ಟನ್. ನಮ್ಮ 400 ಕೆಜಿಗೆ 16 ಪಟ್ಟು. ಮನುಷ್ಯರು ಹತ್ತುವ ಕಡೆ 10 ಪಟ್ಟಿಗಿಂತ ಕೆಳಗೆ ಇಳಿಯಬಾರದು ಅಂತ ಮೊದಲೇ ಗೊತ್ತು ಮಾಡಿಕೊಂಡಿದ್ದೆ. ಬಕೆಟ್ ಬಾವಿಯ ಗೋಡೆಗೆ ಸಿಕ್ಕಿ ಜಗ್ಗಿದಾಗ ಭಾರ ಎಷ್ಟೋ ಪಟ್ಟು ಏರುತ್ತದೆ, ಅದಕ್ಕಾಗಿ ಈ ಮಿಗತೆ.

ಕ್ಲಿಪ್ಪು ಹತ್ತಿರದ ಪೇಟೆಯಲ್ಲೇ ಸಿಗುತ್ತವೆ ಅಂತ ಒಂದಿಷ್ಟು ಮೊದಲೇ ತರಿಸಿದ್ದೆವು. ಎರಕದ ಅಗ್ಗದ ಮಾಲು. ಪಾನಾ ಹಾಕಿ ಬಿಗಿಸುವಾಗಲೇ ಒಂದರ ಕಚ್ಚು ಸೀಳಿತು. ಎಲ್ಲವನ್ನೂ ಪಕ್ಕಕ್ಕಿಟ್ಟು ಫೋರ್ಜ್ ಮಾಡಿದ (ಕಾಯಿಸಿ ಬಡಿದು ಮಾಡಿದ) ಕ್ಲಿಪ್ಪುಗಳನ್ನೇ ರಾಣಿಗಂಜ್‌ನಿಂದ ತಂದೆ. ಒಂದಕ್ಕೆ 20–30 ರೂಪಾಯಿ ಜಾಸ್ತಿ ಆಯ್ತು, ಆಗಲಿ.

5. ಹೊಸ ಹಗ್ಗ ಏರಿಸಿದ್ದು

ಸುರುಳಿಯನ್ನು ನೆಲದ ಮೇಲಿಟ್ಟು ಪಕ್ಕದಿಂದ ಎಳೆಯಬಾರದು. ಹಾಗೆ ಎಳೆದರೆ ಪ್ರತಿ ಸುತ್ತಿಗೂ ಒಂದು ತಿರುಚು ಸೇರುತ್ತದೆ, ಎಲ್ಲೋ ಒಂದು ಕಡೆ ಗಂಟು ಬೀಳುತ್ತದೆ. ಒಮ್ಮೆ ಗಂಟು ಬಿಗಿದ ಜಾಗವನ್ನು ನೆಟ್ಟಗೆ ಮಾಡಿದರೂ ಅದು ಸತ್ತ ಜಾಗವೇ. ಒಂದು ಪೈಪಿಗೆ ರೀಲ್ ಏರಿಸಿ, ಎರಡು ಸ್ಟ್ಯಾಂಡಿನ ಮೇಲಿಟ್ಟು ತಿರುಗಿಸುತ್ತ ಬಿಚ್ಚಿದೆವು. ಒಬ್ಬ ಹಲಗೆಯಿಂದ ರೀಲ್ ಒತ್ತಿ ಹಿಡಿದು ಬಿಗಿ ಕಾಯ್ದ.

ಕತ್ತರಿಸುವ ಮೊದಲು ಎರಡೂ ಕಡೆ ಬೈಂಡಿಂಗ್ ತಂತಿ ಬಿಗಿಯಾಗಿ ಸುತ್ತಿ, ನಡುವೆ ಗ್ರೈಂಡರ್ ಹಾಕಿದೆ. ಸುತ್ತದೆ ಕತ್ತರಿಸಿದರೆ ಹುರಿಗಳು ಬಿಚ್ಚಿ ನಿಲ್ಲುತ್ತವೆ.

ನಮ್ಮದು ಬಲ ಹೆಣಿಗೆಯ (ಹುರಿಗಳು ಬಲಕ್ಕೆ ಸುತ್ತಿದ) ಹಗ್ಗ, ಡ್ರಮ್ಮಿನ ಮೇಲಿನಿಂದ ಸುತ್ತುವುದು. ಡ್ರಮ್ಮಿನ ಹಿಂದೆ ನಿಂತು ಹಗ್ಗ ಹೋಗುವ ಕಡೆ ನೋಡಿದರೆ ಎಡ ಅಂಚಿನಿಂದ ಸುತ್ತು ಶುರುವಾಗಬೇಕು. ಆಗ ಸುತ್ತುಗಳು ತಾವಾಗಿ ಒತ್ತೊತ್ತಾಗಿ ಕೂರುತ್ತವೆ. ಹಳೇ ಹಗ್ಗವನ್ನು ಬಲದಿಂದ ಶುರು ಮಾಡಿದ್ದರು, ಅದಕ್ಕೇ ನಡುವೆ ಸಂದು ಬಿಟ್ಟು ಮೇಲಿನ ಪದರ ಕೆಳಗೆ ಕಚ್ಚುತ್ತಿತ್ತು. ತುದಿ ಹಿಡಿಯುವ ತೂತನ್ನು ಎಡಕ್ಕೆ ಹೊಸದಾಗಿ ಕೊರೆದೆ. ಬಕೆಟ್ ಬಾವಿಯ ತಳ ಮುಟ್ಟಿದಾಗಲೂ ಡ್ರಮ್ಮಿನ ಮೇಲೆ 3 ಸುತ್ತು ಉಳಿಯಬೇಕು. ಆ ಸುತ್ತುಗಳಿಗೆ ಕೆಂಪು ಬಣ್ಣ ಬಳಿದಿದ್ದೇನೆ. ಕೆಂಪು ಕಂಡರೆ ಆಪರೇಟರ್ ನಿಲ್ಲಿಸಬೇಕು. ಒಟ್ಟು 45 ಮೀಟರ್ ಹಾಕಿದ್ದೇವೆ, 80 ಅಡಿ ಬಾವಿಗೂ ಸಾಕು. ಅದರಲ್ಲಿ 5 ಮೀಟರ್ ಮುಂದೆ ಕತ್ತರಿಸಲೆಂದೇ ಇಟ್ಟಿದ್ದು. ಪ್ರತಿ ಬಾವಿ ಮುಗಿದ ಮೇಲೆ ಕೊಕ್ಕೆಯ ತುದಿಯಲ್ಲಿ ಒಂದು ಮೀಟರ್ ಕತ್ತರಿಸಿದರೆ ಪುಲ್ಲಿ ಮೇಲೆ ಕೂರುವ ಜಾಗ ಬದಲಾಗುತ್ತದೆ.

ಕೊಕ್ಕೆಗೆ ತಿಂಬಲ್ (ಹಗ್ಗದ ಮಡಿಕೆಯೊಳಗೆ ಕೂರುವ ಲೋಹದ ಬಳೆ) ಹಾಕಿ, 4 ಕ್ಲಿಪ್ಪು, ಒಂದರಿಂದ ಒಂದಕ್ಕೆ 75 ಮಿ.ಮೀ., ಮಡಚಿದ ತುದಿ 370 ಮಿ.ಮೀ. ಬಿಗಿತ ತೋರಿಸುವ ಟಾರ್ಕ್ ಪಾನಾದಲ್ಲಿ 88 ನ್ಯೂಟನ್ ಮೀಟರ್. ಮೊದಲ ಭಾರ ಎತ್ತಿ ಇಳಿಸಿದ ಮೇಲೆ ಮತ್ತೆ ಪಾನಾ ಹಾಕಿದರೆ ಪ್ರತಿ ನಟ್ಟೂ ಕಾಲು ಸುತ್ತಿನಷ್ಟು ತಿರುಗಿತು. ಭಾರ ಬಿದ್ದಾಗ ಹಗ್ಗ ಸ್ವಲ್ಪ ಸಣ್ಣಗಾಗುತ್ತದೆ, ಕ್ಲಿಪ್ಪು ಸಡಿಲ ಆಗುತ್ತದೆ. ಈ ಎರಡನೇ ಬಿಗಿತವನ್ನು ಯಾರೂ ಬಿಡಬಾರದು.

ಎಣ್ಣೆ: 90 ನಂಬರಿನ ಗೇರ್ ಆಯಿಲ್ ಸ್ವಲ್ಪ ಬಿಸಿ ಮಾಡಿ ಬ್ರಷ್ಷಿನಿಂದ ಹಚ್ಚಿದೆ. ತೆಳುವಾಗಿ ಒಳಗೆ ಇಳಿಯುತ್ತದೆ. ಇಂಜಿನ್ನಿನಿಂದ ತೆಗೆದ ಸುಟ್ಟ ಎಣ್ಣೆ ಪುಕ್ಕಟೆ ಸಿಗುತ್ತದೆ ಅಂತ ಅದನ್ನೇ ಹಚ್ಚುವ ಪದ್ಧತಿ ಇದೆ. ಅದರಲ್ಲಿ ಆಮ್ಲ ಇರುತ್ತದೆ, ಲೋಹದ ಪುಡಿ ಇರುತ್ತದೆ. ದಯವಿಟ್ಟು ಬೇಡ.

6. ಸ್ಟೇ ವೈರು, ಮತ್ತು ಎರೆಮಣ್ಣು

ನಿಂತ ಹಗ್ಗಕ್ಕೆ ನಿಯಮ ಇನ್ನೂ ಬಿಗಿ. ಓಡುವ ಹಗ್ಗ ಕಣ್ಣೆದುರು ಹಾದುಹೋಗುತ್ತದೆ. ಸ್ಟೇ ವೈರನ್ನು ಯಾರೂ ನೋಡಲ್ಲ, ಅದು ಸವೆಯೋದು ತುದಿಯಲ್ಲಿ. ತುದಿಯ ಜೋಡಣೆಯ ಹತ್ತಿರ ಒಂದಕ್ಕಿಂತ ಜಾಸ್ತಿ ಎಳೆ ಮುರಿದಿದ್ದರೆ ಬದಲಿಸಬೇಕು. ಹಾಯಿದೋಣಿಯ ಕಂಬ ಹಿಡಿಯುವ ಸ್ಟೀಲ್ ತಂತಿಯಲ್ಲಂತೂ ಒಂದೇ ಎಳೆ ಮುರಿದರೂ ಇಡೀ ತಂತಿ ತೆಗೆಯುತ್ತಾರೆ. ಅಲ್ಲಿ ಒಂದು ತಂತಿ ಹೋದರೆ ಕಂಬವೇ ಬೀಳುತ್ತದೆ. ನಮ್ಮಲ್ಲೂ ಅಷ್ಟೇ. ಬೂಮು ಯಾವ ಕಡೆ ತಿರುಗಿದೆಯೋ ಅದರ ಹಿಂದಿನ ಸ್ಟೇ ಹೋದರೆ 18 ಅಡಿ ಕಂಬ ಬಾವಿಯೊಳಗೆ.

ನಮ್ಮ ಹಳೇ ಸ್ಟೇಗಳು ಕರೆಂಟ್ ಕಂಬಕ್ಕೆ ಹಾಕುವ ಜಿಐ ತಂತಿ, ಕೈಯಲ್ಲಿ ಹೊಸೆದು ಕಟ್ಟಿದ್ದು. ಮಣ್ಣು ತಾಗುವ ಒಂದಡಿ ಜಾಗದಲ್ಲಿ ತುಕ್ಕು ಅರ್ಧ ತಿಂದಿತ್ತು. ಈಗ 10 ಮಿ.ಮೀ. ಜಿಐ ಹಗ್ಗ, ಒಂದೊಂದು ತುದಿಗೆ ತಿಂಬಲ್ ಮತ್ತು 3 ಕ್ಲಿಪ್ಪು, ಕೆಳಗೆ ಟರ್ನ್‌ಬಕಲ್ (ತಿರುಗಿಸಿ ಬಿಗಿಸುವ ಸ್ಕ್ರೂ), ಡಿ ಶಾಕಲ್ (ಪಿನ್ನಿರುವ ಕೊಂಡಿ). ಟರ್ನ್‌ಬಕಲ್ ಅಲುಗಾಟಕ್ಕೆ ತಾನೇ ಬಿಚ್ಚಿಕೊಳ್ಳುತ್ತದೆ, ಹಾಗಾಗಿ ನಡುವೆ ಬೈಂಡಿಂಗ್ ತಂತಿ ಹೊಲಿದು ಕಟ್ಟಿದೆ. ಶಾಕಲ್ ಪಿನ್ನಿಗೂ ಅದೇ.

ಇಷ್ಟೂ ಸುಲಭದ ಕೆಲಸ. ನಿಜವಾಗಿ ಕಾಡಿದ್ದು ಮಣ್ಣು.

ಬಾವಿಯ ಜಾಗದಲ್ಲಿ ಮೇಲೆ 3 ಅಡಿ ಎರೆಮಣ್ಣು, ಕೆಳಗೆ ಮುರುಮು (ಗಟ್ಟಿ ಗರಸು). ಮೊದಲು 32 ಮಿ.ಮೀ. ದಪ್ಪದ 3 ಅಡಿ ಗೂಟಗಳನ್ನು ಓರೆಯಾಗಿ ಬಡಿದೆವು, ಕಂಬದ ಬುಡದಿಂದ 20 ಅಡಿ ದೂರ. 400 ಕೆಜಿ ಎತ್ತಿ ಬೂಮು ತಿರುಗಿಸಿದರೆ ಹಿಂದಿನ ಗೂಟ 2 ಇಂಚು ಬಾಗಿತು, ಮಣ್ಣು ಬಾಯಿ ಬಿಟ್ಟಿತು. ಒಂದರ ಹಿಂದೆ ಇನ್ನೊಂದು ಗೂಟ ಬಡಿದು ಎರಡನ್ನೂ ಕಟ್ಟಿದೆವು. ಅವತ್ತು ನಿಂತಿತು. ಆದರೆ ಬಾವಿಯಿಂದ ಎತ್ತಿದ ನೀರು ಆ ಕಡೆ ಹರಿದ ಮೇಲೆ ಮಾರನೇ ಬೆಳಿಗ್ಗೆ ಸ್ಟೇ ಸಡಿಲಾಗಿ ಜೋತು ಬಿದ್ದಿತ್ತು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದರೊಳಗಿನ ಗೂಟವನ್ನು ನಂಬಿ ಮನುಷ್ಯರನ್ನು ಎತ್ತಲಾಗದು.

ಕೊನೆಗೆ ಮುರುಮಿನೊಳಗೆ ಇಳಿಯುವವರೆಗೆ, 4 ಅಡಿಗೂ ಸ್ವಲ್ಪ ಜಾಸ್ತಿ, ಗುಂಡಿ ತೋಡಿದೆವು. ಅಂಗಡಿಯಲ್ಲಿದ್ದ 75 ಮಿ.ಮೀ. ಚಾನೆಲ್ಲಿನ 3 ಅಡಿ ತುಂಡನ್ನು ತಳದಲ್ಲಿ ಅಡ್ಡ ಮಲಗಿಸಿ, ಅದರ ಮುಂದೆ ಶಹಾಬಾದ್ ಚಪ್ಪಡಿ ನಿಲ್ಲಿಸಿ, ನಡುವಿಂದ 20 ಮಿ.ಮೀ. ರಾಡು ಓರೆಯಾಗಿ ಮೇಲೆ ತಂದೆವು. ಎಳೆತ ಚಪ್ಪಡಿಯ ಅಗಲದ ಮೇಲೆ ಹಂಚಿ ಹೋಗುತ್ತದೆ. ಮುರುಮು ಹಾಕಿ ಪದರ ಪದರವಾಗಿ ದಮ್ಮಸು ಮಾಡಿದೆವು. ಈಗ ರಾಡಿಗೆ ಒಂದು ಕೂದಲಷ್ಟೂ ಅಲುಗಾಟ ಇಲ್ಲ.

ಕಾಕಾ ಅವರ ಆಕ್ಷೇಪ ನ್ಯಾಯವಾದದ್ದೇ: "ಪ್ರತಿ ಬಾವಿಗೂ ನಾಕು ಗುಂಡಿ ತೋಡಬೇಕಂದ್ರ ಹ್ಯಾಂಗೋ?" ಹೌದು, ಪ್ರತಿ ಸಲ ಕೂಲಿ ಬೀಳುತ್ತದೆ. ಚಾನೆಲ್ಲು, ರಾಡು ಅಗೆದು ತೆಗೆದು ಮತ್ತೆ ಬಳಸಬಹುದು. ಗುಂಡಿಯ ಕೂಲಿಯನ್ನು ಬಾವಿಯ ದರದಲ್ಲೇ ಸೇರಿಸೋಣ, ಹೊಲದವರಿಗೆ ಮೊದಲೇ ಹೇಳೋಣ ಅಂದೆ. ಒಪ್ಪಿದರು.

7. ಭಾರ ಹಾಕಿ ನೋಡಿದ್ದು

10 ಸಿಮೆಂಟ್ ಚೀಲ, 500 ಕೆಜಿ. ನಮ್ಮ 400ಕ್ಕೆ ಕಾಲು ಭಾಗ ಜಾಸ್ತಿ. ಅದಕ್ಕೂ ಮೊದಲು ಖಾಲಿ ಬಕೆಟ್, ಆಮೇಲೆ 2 ಚೀಲ, 5 ಚೀಲ ಹೀಗೆ ಎತ್ತಿ ಇಳಿಸಿ ಹಗ್ಗಕ್ಕೆ ಪುಲ್ಲಿಯ ಪರಿಚಯ ಮಾಡಿಸಿದೆವು. 500 ಕೆಜಿಯನ್ನು ನೆಲದಿಂದ ಒಂದಡಿ ಎತ್ತಿ 10 ನಿಮಿಷ ಹಾಗೇ ನಿಲ್ಲಿಸಿದೆ. ಬ್ರೇಕ್ ಜಾರಲಿಲ್ಲ. ಬೂಮನ್ನು ಪೂರ್ತಿ ಎರಡೂ ಕಡೆ ತಿರುಗಿಸಿ ಪ್ರತಿ ಸ್ಟೇ ನೋಡಿದೆ. ಹಗ್ಗದ ದಪ್ಪ ಮೊದಲು 12.3 ಇತ್ತು, ಆಮೇಲೆ 12.2.

ಖರ್ಚು: ಎರಡೂ ಹಗ್ಗ ಸೇರಿ 9,425, ಕ್ಲಿಪ್ಪು ಮತ್ತು ತಿಂಬಲ್ 2,180, ಟರ್ನ್‌ಬಕಲ್ ಮತ್ತು ಶಾಕಲ್ 2,560, ಕೊಕ್ಕೆ 1,350, ಎರಡು ಪುಲ್ಲಿ 5,600, ರಾಡು ಮತ್ತು ಗುಂಡಿಯ ಕೂಲಿ 3,920, ಎಣ್ಣೆ 320. ಒಟ್ಟು 25,355 ರೂಪಾಯಿ. ನನ್ನ ಕೆಲಸ, ಅಂಗಡಿಯ ಪ್ಲೇಟು, ಚಾನೆಲ್ಲು ಇದರಲ್ಲಿ ಸೇರಿಲ್ಲ.

ಹಳೇ ಹಗ್ಗವನ್ನು ಕೇಳಲು ಇಬ್ಬರು ಬಂದಿದ್ದರು, ಟ್ರ್ಯಾಕ್ಟರ್ ಎಳೆಯಲು ಬೇಕಂತೆ. ಕೊಡಲಿಲ್ಲ. ಎಳೆಯುವಾಗ ತುಂಡಾದ ತಂತಿ ಹಗ್ಗ ಹಿಂದಕ್ಕೆ ಬೀಸಿದರೆ ಕಾಲು ಮುರಿಯುತ್ತದೆ. ಒಂದೊಂದು ಮೀಟರಿಗೆ ಕತ್ತರಿಸಿ ಗುಜರಿಗೆ ಹಾಕಿದೆ.

ಒಂದು ಕೆಲಸ ಬಾಕಿ ಇದೆ. 500 ಕೆಜಿ ತೂಗುತ್ತಿದ್ದಾಗ ಬೂಮಿನ ಬುಡದ ಪಿನ್ನು ಟಕ್ ಅಂತ ಸದ್ದು ಮಾಡಿತು. ಬಿಚ್ಚಿ ನೋಡಿದರೆ 40 ಮಿ.ಮೀ. ಪಿನ್ನು ಒಂದು ಪಕ್ಕದಲ್ಲಿ ಒಂದೂವರೆ ಮಿಲಿಮೀಟರ್ ಸವೆದಿದೆ, ಬುಷ್ಷೂ ಮೊಟ್ಟೆಯಾಕಾರ ಆಗಿದೆ. ಹೊಸ ಪಿನ್ನು, ಗನ್‌ಮೆಟಲ್ ಬುಷ್ಷು ಲೇತ್‌ಗೆ ಕೊಟ್ಟಾಗಿದೆ. ಅದು ಬಂದು ಕೂರುವವರೆಗೆ ಕ್ರೇನು ಕಲ್ಲು, ಮಣ್ಣು ಮಾತ್ರ ಎತ್ತುತ್ತದೆ. ಆಳುಗಳು ಏಣಿಯಲ್ಲೇ ಹತ್ತುತ್ತಾರೆ, ಸೊಂಟಕ್ಕೆ ಬೆಲ್ಟು ಕಟ್ಟಿ ಮೇಲಿನಿಂದ ಒಬ್ಬ ಬೇರೆ ಹಗ್ಗ ಹಿಡಿದಿರುತ್ತಾನೆ.